ಹುಳುಮನೆಯ ಮರದ ಗಡಿಯಾರ

ಅಪ್ಪ ಮರದಲ್ಲಿ ಗಡಿಯಾರ ಮಾಡಲು ಹೊರಟಾಗ ಮೊದಲು ವಿರೋಧಿಸಿದವಳು ನಾನೇ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನಾಲಿಗೆ ಮನೆಗೆ ಬಂದರೆ ಸುಮ್ಮನಿರುತ್ತದೆಯೇ? ಎಲ್ಲರ ಕೈಯಲ್ಲೂ ಮೊಬೈಲಿರುವಾಗ ಚಕ್ರ, ಹಲ್ಲು, ಲೋಲಕ ಎಲ್ಲವನ್ನೂ ತೇಗದಲ್ಲಿ ಕೊಯ್ದು ಕೂರಿಸುವುದು ಯಾವ ಸಮಸ್ಯೆಗೆ ಪರಿಹಾರ ಎಂದು ಕೇಳಿದೆ. ಅಪ್ಪ ಉಪ್ಪುಕಾಗದ ಉಜ್ಜುತ್ತಲೇ, ಸಮಸ್ಯೆ ಏನಿಲ್ಲಮ್ಮ, ಆಸೆ ಇದೆ ಅಂದರು. ಆಸೆಯನ್ನು ಖಂಡಿಸುವುದು ಹೇಗೆಂದು ನನಗೆ ಯಾರೂ ಕಲಿಸಿರಲಿಲ್ಲ.

ನಮ್ಮದು ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ದಾರಿಯ ಊರು. ಅಪ್ಪನಿಗೆ ಚಿಂತಾಮಣಿಯಲ್ಲಿ ಆಫೀಸು; ರೇಷ್ಮೆಹುಳುವಿನ ಯಜಮಾನಿಕೆ ಅಮ್ಮನದು. ಹುಳುಮನೆಗೆ ಅಂಟಿದ ಸೊಪ್ಪಿನ ಕೋಣೆಯ ಮೂಲೆಯಲ್ಲಿ ಅಪ್ಪನ ಬೆಂಚು. ಮರದ ಪುಡಿ ಹಾರಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂರುತ್ತದೆ ಎಂಬುದು ಅಮ್ಮನ ದೂರು. ತಿಂಗಳುಗಟ್ಟಲೆ ಕೊಯ್ದರೂ ಗಡಿಯಾರ ಓಡದಿದ್ದಾಗ ಅವಳು ತೀರ್ಪು ಕೊಟ್ಟೇಬಿಟ್ಟಳು.

“ಈ ಬೆಳೆ ಗೂಡು ಬಿಡಿಸೋ ದಿನ ನಿಮ್ಮ ಗಡಿಯಾರ ನಡೀತಿರ್ಬೇಕು. ಇಲ್ಲಾಂದ್ರೆ ಬೆಂಚು ಎತ್ತಿಸ್ತೀನಿ, ಅಷ್ಟೇ.”

ಕೊನೆಗೂ ನಡುಮನೆಯಲ್ಲಿ ಅದು ಟಕ್ ಟಕ್ ಎಂದಿತು. ಅಲ್ಲೇ ಬಿಟ್ಟಿದ್ದರೆ ಮುಗಿದಿತ್ತು. ಸೊಪ್ಪು ಹಾಕುವ ಹೊತ್ತು ನೋಡಿಕೊಳ್ಳಲಿ, ಅಮ್ಮನಿಗೂ ಉಪಯೋಗವಾಗಲಿ ಎಂದು ಅಪ್ಪ ಅದನ್ನು ಹುಳುಮನೆಗೇ ಒಯ್ದು ನೇತುಹಾಕಿದರು. ಬೇಸಿಗೆ. ಹುಳುವಿಗೆ ತಂಪಿರಲೆಂದು ಅಮ್ಮ ಕಿಟಕಿಗಳಿಗೆಲ್ಲ ಒದ್ದೆ ಗೋಣಿಚೀಲ ಕಟ್ಟಿದ್ದಳು. ಶೀತಕ್ಕೆ ಹಲ್ಲುಗಳು ಉಬ್ಬಿ, ಒಂದಕ್ಕೊಂದು ಕಚ್ಚಿಕೊಂಡು ಗಡಿಯಾರ ನಿಂತಿತು. ಗೋಣಿ ತೆಗೆದ ಮೇಲೆ ತಾನೇ ಸರಿಹೋಗುತ್ತದೆ, ಮುಟ್ಟಬೇಡಿ ಎಂದು ನಾನು ವಾದಿಸಿದೆ. ಬೆಂಚು ಹೋಗುತ್ತದೆಂಬ ಭಯದಲ್ಲಿದ್ದವರಿಗೆ ತರ್ಕ ಕೇಳಿಸುವುದಿಲ್ಲ. ಉಬ್ಬಿದ ಹಲ್ಲುಗಳನ್ನೆಲ್ಲ ಅಪ್ಪ ಅರದಿಂದ ಉಜ್ಜಿ ಸಣ್ಣ ಮಾಡಿದರು. ಗಡಿಯಾರ ಮತ್ತೆ ಓಡಿತು, ಅಪ್ಪ ನನ್ನ ಕಡೆ ಹುಬ್ಬು ಹಾರಿಸಿದರು.

ಹುಳು ಸೊಪ್ಪು ತಿನ್ನುವುದು ಬಿಟ್ಟು ಹಣ್ಣಾದವು. ಗೂಡು ಕಟ್ಟಲೆಂದು ಅವನ್ನು ಬಿದಿರಿನ ಚಂದ್ರಿಕೆಗಳಿಗೆ ಬಿಟ್ಟು, ಅಮ್ಮ ಗೋಣಿ ಬಿಚ್ಚಿ ಕಿಟಕಿಗಳನ್ನು ತೆರೆದಿಟ್ಟಳು. ಒಣಗಾಳಿಗೆ ಮರ ಕುಗ್ಗಿತು. ಮೊದಲೇ ಸವೆಸಿದ್ದ ಹಲ್ಲುಗಳು ಒಂದನ್ನೊಂದು ಹಿಡಿಯದೆ ಜಾರತೊಡಗಿದವು. ಮುಳ್ಳು ಜಿಗಿಜಿಗಿದು ಓಡುತ್ತಿತ್ತು. ನಾವು ತಿಂಡಿ ತಿನ್ನುವಾಗ ಅಲ್ಲಿ ಸಂಜೆಯಾಗಿರುತ್ತಿತ್ತು.

ಗೂಡು ಬಿಡಿಸುವ ದಿನ ಅಕ್ಕಪಕ್ಕದ ಹೆಂಗಸರೆಲ್ಲ ಚಂದ್ರಿಕೆಗಳ ಸುತ್ತ ಕೂತಿದ್ದರು. ಅಪ್ಪ ಆಫೀಸಿಗೆ ರಜೆ ಹಾಕಿ, ಗಡಿಯಾರವನ್ನು ಬೆನ್ನಿನಿಂದ ಮರೆಮಾಡಿಕೊಂಡು ನಿಂತಿದ್ದರು. ನಾನು ಹೇಳಿದ್ದೇ ನಿಜವಾಗಿತ್ತು. ಗೆದ್ದ ಪಕ್ಷದಲ್ಲಿ ನಿಂತು ಅಷ್ಟು ಸಂಕಟಪಟ್ಟದ್ದು ಅದೇ ಮೊದಲು. ಹೇಗಾದರೂ ಅಪ್ಪನ ಪರ ಮಾತಾಡಬೇಕೆಂದು ಹವೆ, ಶೀತ, ಮರದ ಗುಣ ಎಂದೆಲ್ಲ ಶುರುಮಾಡಿದೆ. ಅಮ್ಮ ಕೈಯಲ್ಲಿನ ಗೂಡಿನಿಂದ ತಲೆ ಎತ್ತಲಿಲ್ಲ.

“ಅದೆಲ್ಲ ಬೇಡ. ನಡೀತಿದೆ ತಾನೆ?”

“ನಡೀತಿದೆ. ಆದ್ರೆ ಟೈಮ್ ತಪ್ಪು,” ಎಂದುಬಿಟ್ಟೆ. ಅಪ್ಪ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

“ಸರಿಯಾದ ಟೈಮ್ ತೋರಿಸ್ಬೇಕು ಅಂತ ನಾನೆಲ್ಲೇ ಅಂದೆ? ಮಾತಾದ್ಮೇಲೆ ಹೊಸ ಷರತ್ತು ಸೇರಿಸ್ಬಾರ್ದು ಅಂತ ನಮಗೆಲ್ಲ ಪಾಠ ಹೇಳೋಳು ನೀನೇ ಅಲ್ವಾ? ಪೋನೀ, ಹೋಗ್ಲಿ ಬಿಡು, ಬೆಂಚು ಇರ್ಲಿ.”

ಹೆಂಗಸರು ನಕ್ಕರು. ಸೋತ ಖುಷಿಯಲ್ಲಿ ನಾನೂ ಚಂದ್ರಿಕೆಯ ಪಕ್ಕ ಕೂತು ಗೂಡು ಬಿಡಿಸತೊಡಗಿದೆ. ಅಪ್ಪ ಮಾತ್ರ ಧೈರ್ಯ ಬಂದವರಂತೆ, ಹೊಸ ಚಕ್ರ ಕೊಯ್ದ ಮೇಲೆ ಇಲ್ಲೇ ಹಾಕಲಾ ಎಂದು ಕೇಳಿದರು.

“ನಡುಮನೇಲಿ ಹಾಕ್ಕೊಳ್ರೀ,” ಅಂದಳು ಅಮ್ಮ. “ಹುಳಕ್ಕೆ ಟೈಮ್ ನಾನ್ ಹೇಳ್ತೀನಿ.”