ಸೊಳ್ಳೆಗೆ ಊಟ ಹಾಕುತ್ತಿದ್ದವರು

ಬೊಮ್ಮನಹಳ್ಳಿಯ ನಮ್ಮ ಮಲೇರಿಯಾ ಲ್ಯಾಬಿನಲ್ಲಿ ಸೊಳ್ಳೆ ಸಾಕುವವರೊಬ್ಬರಿದ್ದರು. ರೋಗವಿಲ್ಲದ ಸೊಳ್ಳೆಗಳ ಪಂಜರದೊಳಗೆ ತಮ್ಮ ಕೈಯನ್ನೇ ಇಟ್ಟು ಊಟ ಹಾಕುತ್ತಿದ್ದರು. ನಾವು ನಕ್ಕರೆ, "ಪಾಪ, ಹಸ್ಕೊಂಡಿರ್ತವೆ ಕಣ್ರೀ" ಎನ್ನುವರು. ಮನೆಯಲ್ಲಿ ಸೊಳ್ಳೆಬತ್ತಿ ಹಚ್ಚಲೂ ಬಿಡುವುದಿಲ್ಲವೆಂದು ಅವರ ಹೆಂಡತಿಯ ದೂರು.

ಒಂದು ಬೆಳಿಗ್ಗೆ ಪಂಜರದ ಸೊಳ್ಳೆಗಳೆಲ್ಲ ಸತ್ತು ಬಿದ್ದಿದ್ದವು. ಅವರು ತಿಂಡಿ ಮುಟ್ಟಲಿಲ್ಲ. ವಿಚಾರಿಸಿದಾಗ ತಿಳಿಯಿತು: ಹಿಂದಿನ ದಿನ ಕಜ್ಜಿಗೆಂದು ಡಾಕ್ಟರು ಕೊಟ್ಟ ಮಾತ್ರೆ ನುಂಗಿ, ಎಂದಿನಂತೆ ಕೈ ಒಡ್ಡಿದ್ದರು. ಆ ರಕ್ತ ಕುಡಿದವೆಲ್ಲ ಹೋಗಿಬಿಟ್ಟವು.

ಲ್ಯಾಬಿನ ಮುಖ್ಯಸ್ಥೆ, ನಮ್ಮ ಮೇಡಂ, ಕುಣಿದಾಡಿದರು. "ಕಚ್ಚಿದ ಸೊಳ್ಳೆನೇ ಸಾಯೋ ಮಾತ್ರೆ! ನಾಳೆ ಇನ್ನೊಂದು ಪಂಜರಕ್ಕೂ ಕೈ ಇಡಿ!"

ಸೊಳ್ಳೆ ಸಾಕುವವರು ಅಂಗಿಯ ತೋಳು ಇಳಿಸಿ ಗುಂಡಿ ಹಾಕಿಕೊಂಡರು. "ಆಗಲ್ಲ ಮೇಡಂ. ಇವು ನನ್ನ ಉಪ್ಪು ತಿಂದಿರೋವು. ಕೊಲ್ಲೋಕೆ ಬೇಕಾದ್ರೆ ಬೀದಿ ಸೊಳ್ಳೆ ಹಿಡ್ಕೊಂಡ್ಬನ್ನಿ."