ಉಪ್ಪು ನೋಡದ ಅಡುಗೆ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಕಷ್ಟಪಟ್ಟು ಪಡೆದದ್ದು. ಅದರಲ್ಲಿ ಅರ್ಧ ಕಷ್ಟ ಅಕ್ಕನದು. ಅವಳು ಏಳನೇ ತರಗತಿಗೆ ಶಾಲೆ ಬಿಟ್ಟು ಬೀಡಿ ಕಟ್ಟಿದಳು, ಅಡುಗೆಯನ್ನೂ ನೋಡಿಕೊಂಡಳು. ನಾನು ಒಲೆಯ ಹತ್ತಿರ ಹೋದರೆ ಸೌಟು ತೋರಿಸಿ ಓಡಿಸುತ್ತಿದ್ದಳು.

"ನಿನ್ನ ಕೆಲಸ ಪುಸ್ತಕದ್ದು. ಚಟ್ನಿ ಅರೆಯಲಿಕ್ಕೆ ನಾನುಂಟು ಮಾರಾಯ್ತಿ."

ಹಾಗಾಗಿ ಗಡಿನಾಡಿನ ವಿದ್ಯಾನಗರದ ಆಫೀಸಿನಲ್ಲಿ ಮಲಯಾಳ, ಇಂಗ್ಲಿಷ್ ಎರಡರಲ್ಲೂ ಕಡತ ಬರೆಯುವ ನನಗೆ ಒಂದು ತಂಬುಳಿ ಮಾಡಲು ಬರುತ್ತಿರಲಿಲ್ಲ.

ಕಳೆದ ವರ್ಷ ಅಕ್ಕನ ಗಂಟಲಲ್ಲಿ ಗಡ್ಡೆ ಕಂಡಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಕರೆಂಟು ಕೊಡಿಸಿದೆವು. ರೇಡಿಯೇಶನ್ನಿಗೆ ನಮ್ಮಲ್ಲಿ ಹಾಗೆಯೇ ಹೇಳುವುದು. ಮೊದಲು ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಬೇಕಿತ್ತು.

"ಎಂತ ಬರೆದಿದ್ದಾರೆ?" ಎಂದು ಅಕ್ಕ ಕೇಳಿದಳು. ನಾಲಗೆಯ ರುಚಿ ಹೋಗಬಹುದು ಎಂಬ ಸಾಲೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಓದಿ ಹೇಳಿದೆ.

ಮನೆಗೆ ಬಂದ ಮೇಲೆ ಖಾರ ಕೂಡದು, ಗಟ್ಟಿ ಕೂಡದು. ಅನ್ನವನ್ನು ಮೆತ್ತಗೆ ಬೇಯಿಸಿದೆ. ಜೊತೆಗೆ ಒಂದೆಲಗದ ತಂಬುಳಿ. ಮಲಗಿದಲ್ಲಿಂದಲೇ ಅಕ್ಕ ಹೇಳಿಕೊಟ್ಟಳು. ಬಾವಿಯ ಹತ್ತಿರದ ಒಂದು ಹಿಡಿ ಎಲೆ, ತುಪ್ಪದಲ್ಲಿ ಹುರಿದ ಜೀರಿಗೆ, ಸ್ವಲ್ಪ ತೆಂಗಿನತುರಿ, ಎಲ್ಲವನ್ನೂ ನುಣ್ಣಗೆ ಅರೆದು ಹುಳಿಯಾಗದ ಮಜ್ಜಿಗೆಯಲ್ಲಿ ಕಲಸುವುದು. ಕುದಿಸಲಿಕ್ಕಿಲ್ಲ.

"ಇಷ್ಟಕ್ಕೆ ಕಾಲೇಜು ಬೇಡ" ಎಂದಳು.

ಬಡಿಸುವ ಮೊದಲು ಉಪ್ಪು ನೋಡುವ ಕ್ರಮ ನಮ್ಮಲ್ಲಿಲ್ಲ, ಎಂಜಲಾಗುತ್ತದೆ. ಅಕ್ಕ ಪರಿಮಳದಲ್ಲೇ ಉಪ್ಪು ಹೇಳುವವಳು. ನಾನೂ ರುಚಿ ನೋಡದೆ ಬಡಿಸಿದೆ. ಅವಳು ಬಟ್ಟಲು ಖಾಲಿ ಮಾಡಿ "ಲಾಯ್ಕುಂಟು" ಎಂದಳು. ನನಗೆ ರ‍್ಯಾಂಕ್ ಬಂದಷ್ಟು ಸಂತೋಷ.

ಆಮೇಲೆ ನಾನು ಉಣ್ಣಲು ಕುಳಿತೆ. ತಂಬುಳಿಗೆ ಉಪ್ಪೇ ಹಾಕಿರಲಿಲ್ಲ.

ಮದುವೆಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆ ಎಂದು ಅಡುಗೆಯವರನ್ನೇ ಕರೆಸಿ ಹೇಳಿದವಳು ಅಕ್ಕ. ನನಗೆ ಬೇಸರವಾಗಬಾರದೆಂದು ಸುಮ್ಮನಿದ್ದಿರಬೇಕು ಎಂದುಕೊಂಡೆ. ಹಾಗೇ ಇರಲಿ ಎಂದು ರಾತ್ರಿಯೆಲ್ಲ ಬೇಡಿದೆ.

ಮರುದಿನ ಮುಳ್ಳುಸೌತೆ ತುರಿದು, ಮೊಸರು ಹಾಕಿ ಸಳ್ಳಿ ಮಾಡಿದೆ. ಉಪ್ಪು ಮರೆಯಲಿಲ್ಲ. ಎರಡನೇ ತುತ್ತು ಬಾಯಲ್ಲಿರುವಾಗಲೇ ಅಕ್ಕ ಕೇಳಿದಳು, "ಇವತ್ತು ಎಂತ ಮಾಡಿದ್ದಿ?"

"ಮುಳ್ಳುಸೌತೆಯ ಸಳ್ಳಿ."

"ಶುಂಠಿ ಹಾಕಿದ್ದಿಯಾ?"

"ಹಾಕಿದ್ದೇನೆ."

"ಹಾಗೆ ಹೇಳು ಮತ್ತೆ. ಹೇಳಿದರೆ ನೆನಪಾಗ್ತದೆ."

ಆಗ ಆ ಕಾಗದದ ವಿಷಯ ಹೇಳಿಬಿಟ್ಟೆ. ಅಕ್ಕ ತುತ್ತು ನುಂಗಿದಳು.

"ನೀನು ಎಂತದೋ ಬಿಟ್ಟು ಓದಿದ್ದಿ ಅಂತ ಆವತ್ತೇ ಗೊತ್ತಾಗಿದೆ. ಮುಖ ಓದಲಿಕ್ಕೆ ನನಗೂ ಬರ್ತದೆ."

ಅಂದಿನಿಂದ ಬಡಿಸುವಾಗ ಅಡುಗೆಯನ್ನು ಬಾಯಲ್ಲೂ ಹೇಳುತ್ತಿದ್ದೆ. ಏನನ್ನೂ ಬಿಡುತ್ತಿರಲಿಲ್ಲ. ಅವಳು ಕಣ್ಣು ಮುಚ್ಚಿ ಕೇಳಿ, ಆಮೇಲೆ ಬಾಯಿ ತೆರೆಯುತ್ತಿದ್ದಳು. ಒಮ್ಮೆ, "ಜೀರಿಗೆ ಕರಿ ಮಾಡಿದ್ದಿ ಅಲ್ವಾ?" ಎಂದು ನಕ್ಕಳು. ನಿಜಕ್ಕೂ ಸೀದು ಕಪ್ಪಾಗಿತ್ತು. ಬಣ್ಣ ನೋಡಿ ಹೇಳಿದ್ದೆಂದು ಗೊತ್ತಿದ್ದರೂ ಅರ್ಧ ದಿನ ನನಗೆ ಆಸೆ.

ಮಳೆಗಾಲ ಮುಗಿಯುವ ಹೊತ್ತಿಗೆ ಕಾಯಿಲೆ ಹೆಚ್ಚಾಗಿ, ಎಂತ ಮಾಡಿದ್ದಿ ಎಂದು ಅವಳು ಕೇಳುವುದನ್ನು ನಿಲ್ಲಿಸಿದಳು. ಒಂದು ಮಧ್ಯಾಹ್ನ ನೆಲ್ಲಿಕಾಯಿ ತಂಬುಳಿಯ ಚಮಚವನ್ನು ತುಟಿಗೆ ಹಿಡಿದೆ. ಬಾಯಿ ತೆರೆಯಲಿಲ್ಲ. ನಾನು ಹೇಳತೊಡಗಿದೆ: ಭರಣಿಯಲ್ಲಿ ಉಪ್ಪಿಗೆ ಹಾಕಿದ್ದ ನೆಲ್ಲಿಕಾಯಿ ಮೂರು, ಬೀಜ ತೆಗೆದದ್ದು. ತೆಂಗಿನತುರಿ. ಹಸುವಿನ ಮಜ್ಜಿಗೆ. ಹೇಳಿ ಮುಗಿಯಿತು. ಚಮಚ ಹಾಗೆಯೇ ಹಿಡಿದುಕೊಂಡು ಮತ್ತೆ ಮೊದಲಿನಿಂದ ಹೇಳಿದೆ.