ಆಂಬುಲೆನ್ಸಿಗೊಂದು ಅಗಸಿ

ನಮ್ಮ ಸೀಮೆಯಲ್ಲಿ ಬರುವವರನ್ನು ಮನೆಯಲ್ಲಿ ಕೂತು ಕಾಯುವುದು ಮರ್ಯಾದೆಯಲ್ಲ. ಬೀಗರು ಬರುತ್ತಾರೆಂದರೆ ಎದ್ದು ಎದುರಿಗೆ ಹೋಗಬೇಕು. ಅಜ್ಜಿ ನನಗೆ ಕಲಿಸಿದ್ದೇ ಹಾಗೆ. ಆಂಬುಲೆನ್ಸಿನ ಕೆಲಸಕ್ಕೆ ಇಳಿದಾಗ ಈ ಮರ್ಯಾದೆಯೇ ಅಡ್ಡ ಬರುತ್ತದೆಂದು ಯಾರಿಗೆ ಗೊತ್ತಿತ್ತು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಒಂದೊಂದು ಗಾಡಿ ನಿಲ್ಲಿಸಿ, ಯಾರಿಗೆ ಯಾವುದು ಹತ್ತಿರವೋ ಅದನ್ನು ಕಳಿಸುವುದೆಂದು ನಾವೊಂದಿಷ್ಟು ಗೆಳೆಯರು ಏರ್ಪಾಡು ಮಾಡಿಕೊಂಡಿದ್ದೆವು. ವಾಡಿಯ ಗಾಡಿ ರೈಲ್ವೆ ಗೇಟಿನ ಈಚೆಗಿರಬೇಕೋ ಆಚೆಗಿರಬೇಕೋ ಎಂಬ ವಾದದಲ್ಲೇ ಎಷ್ಟು ಕಪ್ ಚಹಾ ಖಾಲಿಯಾಯಿತೋ. ಆಕ್ಸಿಜನ್, ಸ್ಟ್ರೆಚರ್, ಡೀಸೆಲ್ ಎಲ್ಲದರ ವಿಚಾರವೂ ಆಗಿತ್ತು. ಸೇಡಂನಲ್ಲಿ ಫೋನಿನ ಮುಂದೆ ಕೂರುವ ಕೆಲಸ ನನ್ನ ಪಾಲಿಗೆ ಬಂತು. ಮಾತಿನ ಚಟದವನಿಗೆ ಇನ್ನೇನು ಬೇಕು?

ಹೊಸದರಲ್ಲಿ ಒಂದು ಬೆಳಿಗ್ಗೆ ಕೋಡ್ಲಾದ ಆಚೆಯ ಹಳ್ಳಿಯಿಂದ ಒಬ್ಬ ಅತ್ತೆ ಫೋನ್ ಮಾಡಿದರು. ಸೊಸೆಗೆ ಚೊಚ್ಚಲ ಹೆರಿಗೆಯ ನೋವು. ಬಿಪಿ ಏರಿದೆ, ಆಸ್ಪತ್ರೆಯಲ್ಲೇ ಹೆರಿಗೆ ಆಗಬೇಕು, ಇಲ್ಲದಿದ್ದರೆ ತಾಯಿಗೂ ಕೂಸಿಗೂ ಅಪಾಯ ಎಂದು ಡಾಕ್ಟರು ಮೊದಲೇ ಹೇಳಿದ್ದರಂತೆ. ನಾನು ಧೈರ್ಯ ಹೇಳಿ ಗಾಡಿ ಕಳಿಸಿದೆ. ಒಳಗೆ ನರ್ಸ್ ಇದ್ದರು. ಓಡಿಸುತ್ತಿದ್ದವರು ನಾವೆಲ್ಲ ಚಾಚಾ ಎಂದು ಕರೆಯುವ ಹಿರಿಯ ಡ್ರೈವರ್. ಸಿಮೆಂಟ್ ಲಾರಿಗಳ ನಡುವೆ ನೀರಿನಂತೆ ಹರಿದು ಹೋಗುವ ಮನುಷ್ಯ.

ಊರು ಮುಟ್ಟಿದ ಚಾಚಾ ಫೋನ್ ಮಾಡಿದರು. "ಸಾಬ್, ಮನಿಗಿ ಕೀಲಿ ಹಾಕ್ಯಾರ. ಅಂಗಳದಾಗ ಎಮ್ಮಿ ಒಂದೇ ಅದ. ಇದನ್ನೇ ಹೇರ್ಕೊಂಡು ಬರ್ಲೇನು?"

ಅತ್ತೆಯ ನಂಬರಿಗೆ ಫೋನ್ ಹಚ್ಚಿದೆ. ಟ್ರಾಕ್ಟರಿನ ಸದ್ದಿನ ನಡುವೆ ಅವರ ದನಿ ಬಂತು. "ನೀವು ಅಷ್ಟು ದೂರದಿಂದ ಬರಾಕತ್ತೀರಿ, ನಾವು ಸುಮ್ನ ಕುಂದ್ರಬೇಕೇನ್ರಿ? ಸೊಸೀನ ಕರ್ಕೊಂಡು ಎದುರಿಗೇ ಬರಾಕತ್ತೀವಿ."

ಬೀಗರನ್ನು ಎದುರುಗೊಳ್ಳುವ ಹಾಗೆ ಆಂಬುಲೆನ್ಸನ್ನು ಎದುರುಗೊಳ್ಳಲು ಹೊರಟಿದ್ದರು. ಹತ್ತಿರವಾಗುತ್ತದೆಂದು ಕಲ್ಲು ಖಣಿಗಳ ಒಳದಾರಿ ಹಿಡಿದಿದ್ದರು. ನಮ್ಮ ಗಾಡಿ ಡಾಂಬರು ರಸ್ತೆಯಲ್ಲಿ ಹೋಗಿತ್ತು. ಎಲ್ಲಿದ್ದೀರಿ ಎಂದು ಕೇಳಿದರೆ ಪರ್ಸಿ ರಾಶಿಯ ಹತ್ತಿರ ಎಂದರು. ಪರ್ಸಿ ಎಂದರೆ ನೆಲಕ್ಕೆ ಹಾಸುವ ನಮ್ಮ ಶಹಾಬಾದ್ ಕಲ್ಲು. ಆ ದಾರಿಯಲ್ಲಿ ಅದರ ರಾಶಿ ಬಿಟ್ಟರೆ ಬೇರೇನಿದೆ?

ಅಲ್ಲೇ ನಿಲ್ಲಿ ಎಂದೆ. ಅವರು ಒಪ್ಪಲಿಲ್ಲ. "ಹೆರಿಗಿ ನಿಂದ್ರತದೇನು, ನಾವು ನಿಂದ್ರಾಕ?"

ಆ ಮಾತಿನ ಹಿಂದೆಯೇ ಸೊಸೆಯ ನರಳಾಟ ಕೇಳಿತು. "ಅವ್ವಾ, ನೀವೂ ಓಡಾಡಿ, ನಾವೂ ಓಡಾಡಿದ್ರ ಗಂಟು ಬೀಳೋದು ಯಾವಾಗ? ಇಂಜಿನ್ ಬಂದ್ ಮಾಡಸ್ರಿ. ಕಿವಿ ಕೊಟ್ಟು ಕೇಳ್ರಿ" ಎಂದು ಬೇಡಿಕೊಂಡೆ.

ಟ್ರಾಕ್ಟರಿನ ಸದ್ದು ನಿಂತಿತು. ಇನ್ನೊಂದು ಫೋನಿನಲ್ಲಿ ಚಾಚಾನಿಗೆ ಸೈರನ್ ಹಾಕಿಕೊಂಡೇ ಖಣಿಗಳ ಕಡೆ ತಿರುಗಲು ಹೇಳಿದೆ. ಸೈರನ್ ಕೇಳಿಸುತ್ತದೆಯೇ ಎಂದು ಅತ್ತೆಯನ್ನು ಕೇಳುವುದು, ಇಲ್ಲವೆಂದರೆ ಚಾಚಾನನ್ನು ಬೇರೆ ದಾರಿಗೆ ತಿರುಗಿಸುವುದು. ಒಂದು ಕಿವಿಗೆ ಅತ್ತೆ, ಇನ್ನೊಂದಕ್ಕೆ ಚಾಚಾ. ಸಣ್ಣಗೆ ಕೇಳಿಸಿತು ಎಂದು ಅತ್ತೆ ಅಂದರು. ಆಮೇಲೆ ದೂರವಾಯಿತು ಎಂದರು. ಚಾಚಾ ಬೈದುಕೊಳ್ಳುತ್ತ ಗಾಡಿ ಹಿಂದಕ್ಕೆ ತಿರುಗಿಸಿದರು. ಕೊನೆಗೆ ಅತ್ತೆಯ ಫೋನಿನಲ್ಲಿ ಸೋತ ದನಿಯೊಂದು ಕೇಳಿತು. ಸೊಸೆಯದು.

"ಅತ್ತಿ, ಕೆಂಪು ಲೈಟ್ ಕಾಣಾಕತ್ತದ."

ಸೇಡಂ ಆಸ್ಪತ್ರೆಯೊಳಗೆ ಹೋದ ಸ್ವಲ್ಪ ಹೊತ್ತಿಗೇ ಹೆರಿಗೆಯಾಯಿತು. ಹೆಣ್ಣು ಕೂಸು. ತಾಯಿಯೂ ಕ್ಷೇಮ. ಚಾಚಾ ನನಗೆ ಪೇಢೆ ತಂದುಕೊಟ್ಟು, ಎಮ್ಮೆಯ ಪಾಲೆಂದು ಇನ್ನೊಂದನ್ನು ತಾವೇ ತಿಂದರು.

ಇದು ಆ ಊರೊಂದರ ಕಥೆಯಾಗಿರಲಿಲ್ಲ. ಚಿತ್ತಾಪುರದ ಗಾಡಿಗೂ ಚಿಂಚೋಳಿಯ ಗಾಡಿಗೂ ಹೀಗೇ ಆಗುತ್ತಿತ್ತು. ಹಾಗಾಗಿ ಊರೂರಿಗೆ ಹೋಗಿ, ದಯವಿಟ್ಟು ಮನೆಯಲ್ಲೇ ಇರಿ ಎಂದು ಕೈ ಮುಗಿಯತೊಡಗಿದೆವು. ಎಲ್ಲರೂ ತಲೆ ಆಡಿಸಿದರು. ಮರುದಿನ ಎಲ್ಲರೂ ಎದುರಿಗೆ ಬಂದರು.

ಕೋಡ್ಲಾ ಕಡೆಯ ಆ ಹಳ್ಳಿಗೆ ಹೋದಾಗ ಅತ್ತೆ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ನನ್ನ ಭಾಷಣ ಮುಗಿಯುವ ತನಕ ಕೇಳಿ ಅಂದರು: "ಮನ್ಯಾಗ ಕುಂದ್ರ ಅಂದ್ರ ಯಾರೂ ಕುಂದ್ರಂಗಿಲ್ರಿ. ಬೀಗರು ಬಂದ್ರ ಊರ ಅಗಸಿ ತನಾ ಹೋಗ್ತೀವಿ, ಅಗಸಿ ದಾಟಂಗಿಲ್ಲ. ನಿಮ್ಮ ಗಾಡಿನೂ ಅಗಸಿಗೇ ಬರ್ಲಿ."

ಅಗಸಿ, ಅಂದರೆ ಊರಬಾಗಿಲು. ನಾವು ಅಲ್ಲೇ ಕೂತು ಊರೂರಿನ ಅಗಸಿಗಳ ಪಟ್ಟಿ ಬರೆಯತೊಡಗಿದೆವು.

ಈಗ ನಮ್ಮ ಎಲ್ಲ ಹಳ್ಳಿಗಳಲ್ಲೂ ಆಂಬುಲೆನ್ಸಿಗೊಂದು ಅಗಸಿ ಇದೆ. ಅಗಸಿ ಬಿದ್ದುಹೋದ ಊರಲ್ಲಿ ಹುಣಸೆಮರ, ಗುಂಡಗುರ್ತಿ ಕಡೆ ಬಸ್ಸಿನ ತಂಗುದಾಣ. ಅಲ್ಲಿಯ ತನಕ ಅವರು ಬರುತ್ತಾರೆ, ಅಲ್ಲಿಯ ತನಕ ನಾವು ಹೋಗುತ್ತೇವೆ. ಯಾರೂ ಯಾರನ್ನೂ ದಾಟಿ ಹೋಗುವುದಿಲ್ಲ. ಏಳಲಾಗದವರಿದ್ದರೆ ಅಲ್ಲಿ ನಿಂತವರೇ ಗಾಡಿ ಹತ್ತಿ ಮನೆ ತೋರಿಸುತ್ತಾರೆ.

ಚಾಚಾನದು ಮಾತ್ರ ಒಂದು ತಕರಾರು. ಆ ಊರಿಗೆ ಹೋದಾಗೆಲ್ಲ, ಪೇಷಂಟ್ ಹತ್ತುವಷ್ಟರಲ್ಲಿ ಅತ್ತೆ ಚೆಂಬು ಹಿಡಿದು ಬಂದು ಮುಂದಿನ ಎರಡೂ ಟೈರಿಗೆ ನೀರು ಹಾಕಿಬಿಡುತ್ತಾರಂತೆ. ಯಾಕೆಂದು ಕೇಳಿದರೆ ಅವರ ಉತ್ತರ: "ಅಗಸಿಗಿ ಬಂದವ್ರಿಗಿ ಕಾಲಿಗಿ ನೀರು ಕೊಡಬ್ಯಾಡೇನು?"